ನಾಯಿಯ ಹೆಸರೂ ಇರಲಿ

ತೀರಿಕೊಂಡ ಗಂಡಸರ ಬಗ್ಗೆ ಪತ್ರಿಕೆಗಳಿಗೆ ಬರುವ ನುಡಿನಮನಗಳು ಬಹುತೇಕ ಒಂದೇ ಎರಕದವು. ಹುಟ್ಟೂರು, ಓದು, ಸೇರಿದ ಕೆಲಸ, ಏರಿದ ಹುದ್ದೆ, ಬಂದ ಪ್ರಶಸ್ತಿ. ಜಾಗ ಉಳಿದರೆ ಕೊನೆಗೆ ‘ಪ್ರಾಣಿಪ್ರಿಯರೂ ಆಗಿದ್ದರು’ ಎಂಬ ಅರ್ಧ ಸಾಲು. ಬೆಂಗಳೂರಿನ ಪೂರ್ವ ಭಾಗದ ಎಷ್ಟೋ ಮನೆಗಳು 1940ರ ಎಚ್‌ಎಎಲ್, ಕೆ.ಆರ್. ಪುರದ ಬಳಿಯ ದೂರವಾಣಿನಗರದ 1948ರ ಐಟಿಐ, ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಗಳ ಸಂಬಳದಲ್ಲಿ ಎದ್ದು ನಿಂತವು. ಅಲ್ಲಿ ದುಡಿದವರ ಸೇವಾ ಪುಸ್ತಕದಲ್ಲಿ ಬಡ್ತಿ, ರಜೆ, ಗ್ರಾಚ್ಯುಟಿ ಎಲ್ಲಕ್ಕೂ ಲೆಕ್ಕವಿದೆ. ಹೊಸಬನಿಗೆ ಕೈಹಿಡಿದು ಕೆಲಸ ಕಲಿಸಿದ್ದಕ್ಕೆ, ಪಕ್ಕದವನ ಮನೆಯಲ್ಲಿ ಸಾವಾದ ದಿನ ಅವನ ಪಾಳಿಯನ್ನೂ ಸೇರಿಸಿ ಮಾಡಿದ್ದಕ್ಕೆ ಕಾಲಮ್ಮಿಲ್ಲ. ಆ ಕೊರತೆಯನ್ನು ತುಂಬಬೇಕಾದ ನುಡಿನಮನವೂ ಸೇವಾ ಪುಸ್ತಕದ ನಕಲಾಗಿಬಿಟ್ಟಿದೆ. ಒಬ್ಬ ಮನುಷ್ಯ ಹೆಂಡತಿಗೆ, ಸಹೋದ್ಯೋಗಿಗೆ, ಸಾಕಿದ ನಾಯಿಗೆ ಏನಾಗಿದ್ದ ಎಂಬುದು ಬರಹದ ಬಾಲವಾಗಬಾರದು, ಅದರ ಒಡಲಾಗಬೇಕು ಎಂಬುದು ನಮ್ಮ ವಾದ.

ಇದು ಪಶ್ಚಿಮದಿಂದ ಬಂದ ಹೊಸ ಶೋಕಿ ಎನ್ನುವವರು ಕಂಟೋನ್ಮೆಂಟಿನ ಅಂಚಿನಲ್ಲೇ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಶಾಸನವನ್ನು ನೋಡಬೇಕು. ಸುಮಾರು 950ರ ಈ ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಬಿದ್ದದ್ದು, ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗರ ಗೆಲುವು, ಇವೆಲ್ಲ ಅದರಲ್ಲಿವೆ. ಇತಿಹಾಸಕಾರರು ಅದನ್ನು ಓದುವುದೂ ಹೆಚ್ಚಾಗಿ ಇದಕ್ಕಾಗಿಯೇ. ಆದರೆ ಕಲ್ಲು ನೆಟ್ಟದ್ದು ಕಾಳಿ ಎಂಬ ನಾಯಿಗಾಗಿ. ಯುದ್ಧದಲ್ಲಿ ಕಾದಿದ ಮಣಲೇರ ಎಂಬ ವೀರನಿಗೆ ‘ಬೇಕಾದ್ದು ಕೇಳು’ ಎಂದಾಗ ಅವನು ಕೇಳಿದ್ದು ಬೂತುಗನ ಈ ನಾಯಿಯನ್ನು. ಮುಂದೆ ಅದು ಕಾಡುಹಂದಿಯೊಂದಿಗೆ ಸೆಣಸಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಮಣಲೇರ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ಪಾಪ ತಟ್ಟಲಿ ಎಂದೂ ಬರೆಸಿದ. ಗಂಗರ ಸೇನೆಯಲ್ಲಿ ಅವನಂಥ ವೀರರು ಎಷ್ಟಿದ್ದರೋ; ಮಣಲೇರ ಎಂಥವನು ಎಂದು ನಮಗೆ ತಿಳಿದಿರುವುದು ಅವನು ಕೇಳಿದ ಆ ಬಹುಮಾನದಿಂದ.

ನಾಯಿಯನ್ನು ಮುದ್ದಿಸುವವನು ಮನುಷ್ಯರಿಗೂ ಒಳ್ಳೆಯವನೆಂದು ಹೇಗೆ ನಂಬುವುದು ಎಂಬ ಆಕ್ಷೇಪ ಸರಿಯಾದದ್ದೇ. ಕಂಟೋನ್ಮೆಂಟಿನ ಬಂಗಲೆಗಳಲ್ಲಿ ದೊರೆಗಳ ನಾಯಿಗಳನ್ನು ಮೀಯಿಸಿ ಅಡ್ಡಾಡಿಸಿದವರು ಆಳುಗಳು. ನಾಯಿಗೆ ಸಿಕ್ಕ ಅಕ್ಕರೆ ಆ ಆಳಿಗೆ ಸಿಕ್ಕಿತೆನ್ನಲು ಆಧಾರವಿಲ್ಲ. ಅದಕ್ಕೇ ನಾಯಿಯ ಸಾಕ್ಷ್ಯ ಒಂದೇ ಸಾಲದು. ಹುದ್ದೆ ಕಳಚಿಟ್ಟು ಮನೆಗೆ ಬಂದವನನ್ನು ಕಂಡವಳು ಹೆಂಡತಿ, ಅಧಿಕಾರ ಕೈಗೆ ಬಂದಾಗ ಹೇಗಿದ್ದನೆಂದು ಕಂಡವನು ಸಹೋದ್ಯೋಗಿ. ಮೂರೂ ಸಾಕ್ಷ್ಯ ಒಂದಕ್ಕೊಂದು ಕೂಡಿಬಂದಾಗ ಮಾತ್ರ ‘ದಯಾವಂತ’ ಎಂದು ಬರೆಯಬಹುದು.

ಒಬ್ಬರ ನಾಯಿಪ್ರೀತಿ ಇನ್ನೊಬ್ಬರಿಗೆ ಅಪಾಯ ಎಂಬ ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. 2007ರಲ್ಲಿ ಈ ನಗರದಲ್ಲಿ ಇಬ್ಬರು ಮಕ್ಕಳು ಬೀದಿನಾಯಿಗಳ ದಾಳಿಗೆ ಬಲಿಯಾದರು. ಪಾಲಿಕೆಯ 2023ರ ಸಮೀಕ್ಷೆ ಅಂದಾಜು ಮಾಡಿದ ಬೀದಿನಾಯಿಗಳು 2.79 ಲಕ್ಷ, 2019ರಲ್ಲಿ 3.10 ಲಕ್ಷ ಇದ್ದವು. ಇಂದಿರಾನಗರದಲ್ಲಿ ಕಾರಿನಿಂದಿಳಿದು ಬಿಸ್ಕೆಟ್ ಹಾಕಿ ಹೋಗುವವರಿಗೂ, ಶಿವಾಜಿನಗರದ ಗಲ್ಲಿಯಲ್ಲಿ ನಸುಕಿಗೇ ಪೊರಕೆ ಹಿಡಿದು ನಡೆಯುವ ಪೌರಕಾರ್ಮಿಕರಿಗೂ ಆ ನಾಯಿ ಒಂದೇ ಆಗಿ ಕಾಣುವುದಿಲ್ಲ. ಒಪ್ಪಿದೆವು. ಆದರೆ ಇದು ನಾಯಿಪ್ರೀತಿಯ ವಿರುದ್ಧದ ವಾದವಲ್ಲ, ಅರೆಬರೆ ಪ್ರೀತಿಯ ವಿರುದ್ಧದ್ದು. 1991ರಲ್ಲಿ ಬೆಂಗಳೂರಿನಲ್ಲಿ ‘ಕ್ಯೂಪಾ’ ಎಂಬ ಪ್ರಾಣಿದಯಾ ಸಂಸ್ಥೆ ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಅವರ ನೆನಪು ಉಳಿದಿರುವುದು ಬಿಸ್ಕೆಟ್ ಹಾಕಿದ್ದಕ್ಕಲ್ಲ. ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ, ಗಾಯಗೊಂಡ ನಾಯಿಯನ್ನು ಕ್ವೀನ್ಸ್ ರಸ್ತೆಯ ಪಶು ಆಸ್ಪತ್ರೆಗೆ ಒಯ್ದು ಸರದಿಯಲ್ಲಿ ಕಾಯುವುದು: ಇವು ಬೇಸರದ, ಖರ್ಚಿನ, ಹೊಗಳಿಕೆ ಸಿಗದ ಕೆಲಸಗಳು. ಇವನ್ನು ವರ್ಷಗಟ್ಟಲೆ ಮಾಡಿದವನ ಗುಣಕ್ಕೆ ಪ್ರಶಸ್ತಿಪತ್ರಕ್ಕಿಂತ ಇವೇ ಒಳ್ಳೆಯ ಪುರಾವೆ.

ಕನ್ನಡದಲ್ಲಿ ಇಂಥ ನುಡಿನಮನಕ್ಕೆ ಮಾದರಿಯೂ ಇದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, ‘ಪರಿಸರದ ಕತೆ’ ಓದಿದವರಿಗೆ ಕಿವಿ ಎಂಬ ನಾಯಿ ಮನೆಯ ಸದಸ್ಯನಷ್ಟೇ ಪರಿಚಿತ. 2007ರ ಏಪ್ರಿಲ್ 5ರಂದು ತೇಜಸ್ವಿ ತೀರಿಕೊಂಡ ಮೇಲೆ ಅವರ ಸಾಹಿತ್ಯದ ಬಗ್ಗೆ ಬಂದ ಲೇಖನಗಳಿಗೆ ಲೆಕ್ಕವಿಲ್ಲ. ಆದರೂ ಆ ಮನುಷ್ಯನನ್ನು ಹತ್ತಿರಕ್ಕೆ ತಂದದ್ದು ಪತ್ನಿ ರಾಜೇಶ್ವರಿಯವರ ‘ನನ್ನ ತೇಜಸ್ವಿ’. ಹೆಂಡತಿ ಬರೆದರೆ ಹೊಗಳಿಕೆಯೇ ಇರುತ್ತದೆ ಎಂಬ ಅನುಮಾನ ಪಂಡಿತರದು. ಬದುಕು ಹಂಚಿಕೊಂಡವರಿಗೆ ಸಿಗುವ ವಿವರ ಪಂಡಿತರಿಗೆ ಎಲ್ಲಿಂದ ಸಿಗಬೇಕು?

ಹಲಸೂರು, ಕೆ.ಆರ್. ಪುರ, ಶಿವಾಜಿನಗರದ ಓದುಗರು ಅಗಲಿದ ಗಂಡನ, ಗೆಳೆಯನ, ಜತೆಗೆ ದುಡಿದವನ ಬಗ್ಗೆ ನಮಗೆ ಬರೆದು ಕಳಿಸುವಾಗ ಹುದ್ದೆಗಳನ್ನು ಒಂದು ಸಾಲಿಗೆ ಮುಗಿಸಿ. ಅವರು ಸಾಕಿದ ನಾಯಿಯ ಹೆಸರು ಬರೆಯಿರಿ, ಅದನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆಂದೂ ತಿಳಿಸಿ.