ಮೌನಕ್ಕೂ ಕತ್ತರಿ ಬೇಕೆ?

ಮೊನ್ನೆ ಭಾನುವಾರ ಸಂಜೆ ಹಲಸೂರು ಕೆರೆಯ ಪಕ್ಕ ಅಡ್ಡಾಡುತ್ತಿದ್ದಾಗ ಹಳೆಯ ಪರಿಚಯದವರೊಬ್ಬರು ಎದುರಾದರು. ಕುಶಲಪ್ರಶ್ನೆ ಮುಗಿಯುವ ಮೊದಲೇ ಮಗಳ ಮೇಲೆ ದೂರು ತೆಗೆದರು. “ನೀವಾದ್ರೂ ಬುದ್ಧಿ ಹೇಳಿ ಸಾರ್. ರಾತ್ರಿ ಒಂದು ಗಂಟೆ ಆದ್ರೂ ಲ್ಯಾಪ್‌ಟಾಪ್ ಮುಚ್ಚಲ್ಲ. ಬಿ.ಎಸ್ಸಿ. ಎರಡನೇ ವರ್ಷ, ಇಂಟರ್ನಲ್‌ನಲ್ಲಿ ಮಾರ್ಕ್ಸ್ ಬಿದ್ದುಹೋಗಿದೆ. ಕೇಳಿದ್ರೆ ವಿಡಿಯೋ ಎಡಿಟಿಂಗ್ ಅಂತಾಳೆ.”

ಸಿನಿಮಾ ಹುಚ್ಚು ಹಿಡಿದಿರಬೇಕು ಎಂದುಕೊಂಡು ಅವರ ಮನೆಗೆ ಹೋದೆ. ಸಂಗತಿ ಬೇರೆಯೇ ಇತ್ತು. ಹುಡುಗಿ ಸಂಜೆ ಹೊತ್ತು ಏಳೆಂಟು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬಿಡಿಗಾಸು ಪಡೆಯದೆ ಲೆಕ್ಕ ಹೇಳಿಕೊಡುತ್ತಾಳೆ. ಅವರಲ್ಲೊಬ್ಬ ಶಿವಾಜಿನಗರದ ಮಾರುಕಟ್ಟೆಯಲ್ಲಿ ತಂದೆಗೆ ನೆರವಾಗುವವನು, ಇನ್ನೊಬ್ಬಳು ಕೆ.ಆರ್. ಪುರದಿಂದ ಬರುವವಳು. ಪಾಠ ತಪ್ಪಿಸಿಕೊಂಡ ಇಂಥವರಿಗಾಗಿ ಅವಳು ಫೋನಿನೆದುರು ಕೂತು ಅದೇ ಪಾಠವನ್ನು ಮತ್ತೆ ಹೇಳಿ ಕಳುಹಿಸುತ್ತಾಳೆ. ಇಪ್ಪತ್ತು ನಿಮಿಷದ ಪಾಠದಲ್ಲಿ ತಡವರಿಕೆ, ಕೆಮ್ಮು, ತಪ್ಪಿದ ಸಾಲುಗಳನ್ನೆಲ್ಲ ಕತ್ತರಿಸಲು ಐದು ಗಂಟೆ ಬೇಕಾಗುತ್ತಿತ್ತು!

ಒಬ್ಬರೇ ಕೂತು ಮಾತಾಡುವ ಪಾಠ ನಮಗೆ ಹೊಸದೇನಲ್ಲ. ಯು.ಜಿ.ಸಿ.ಯ ‘ದೇಶವ್ಯಾಪಿ ತರಗತಿ’ ದೂರದರ್ಶನದಲ್ಲಿ ಆರಂಭವಾದದ್ದು 1984ರಲ್ಲಿ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಬಂದ ‘ಸೇತುಬಂಧ’ ಪಾಠಗಳನ್ನು ಅನೇಕ ಪಾಲಕರು ಮಕ್ಕಳ ಜೊತೆ ಕೂತೇ ನೋಡಿದ್ದಾರೆ. ಅಲ್ಲೆಲ್ಲ ಕತ್ತರಿಸಿ ಜೋಡಿಸುವ ಕೆಲಸಕ್ಕೆ ನುರಿತವರಿರುತ್ತಾರೆ. ನಮ್ಮ ಹುಡುಗಿಗೆ ಅವಳೇ ಮೇಷ್ಟ್ರು, ಅವಳೇ ಎಡಿಟರ್.

ಇಂಥವರ ನೆರವಿಗೆ ಈಗ ಸಾಫ್ಟ್‌ವೇರ್‌ಗಳಿವೆ. ದುಡ್ಡು ಕೊಡಬೇಕಾದವೂ ಉಂಟು. ಆಟೋ-ಎಡಿಟರ್, ಎಫ್‌ಎಫ್‌ಎಂಪೆಗ್, ಕೆಡೆನ್‌ಲೈವ್‌ನಂಥ ಉಚಿತವಾದವೂ ಉಂಟು. ಇವುಗಳ ಗುಟ್ಟು ಸರಳ. ಸಾಫ್ಟ್‌ವೇರಿಗೆ ಪಾಠ ಅರ್ಥವಾಗುವುದಿಲ್ಲ. ಅದು ಸದ್ದಿನ ಮಟ್ಟವನ್ನಷ್ಟೇ ಅಳೆಯುತ್ತದೆ. ಡಿಜಿಟಲ್ ಧ್ವನಿಯಲ್ಲಿ ಅತಿ ಗಟ್ಟಿ ಸದ್ದಿಗೆ ಸೊನ್ನೆ ಡೆಸಿಬಲ್. ಮಿಕ್ಕದ್ದೆಲ್ಲ ಅದಕ್ಕಿಂತ ಕೆಳಗೆ, ಮೈನಸ್ ಲೆಕ್ಕದಲ್ಲಿ. ಒಂದು ಗೆರೆ ಎಳೆದು, ‘ಇದಕ್ಕಿಂತ ಕೆಳಗಿರುವುದೆಲ್ಲ ಮೌನ’ ಎಂದು ನಾವು ಹೇಳಿಕೊಡಬೇಕು. ಆಗ ಅದು ಮೌನದ ತುಣುಕುಗಳನ್ನೆಲ್ಲ ಹುಡುಕಿಕೊಡುತ್ತದೆ.

ನಾವು ಮಾಡಿದ ಮೊದಲ ಪ್ರಯತ್ನದಲ್ಲಿ ಒಂದು ತುಣುಕೂ ಸಿಗಲಿಲ್ಲ. ಎಫ್‌ಎಫ್‌ಎಂಪೆಗ್‌ಗೆ ನಾವೇನೂ ಹೇಳದಿದ್ದರೆ, ಸದ್ದು ಮೈನಸ್ 60 ಡೆಸಿಬಲ್‌ಗಿಂತ ಕೆಳಗೆ 2 ಸೆಕೆಂಡಾದರೂ ಇದ್ದರೆ ಮಾತ್ರ ಅದು ಮೌನವೆಂದು ಒಪ್ಪುತ್ತದೆ. ಹಲಸೂರಿನ ಬೀದಿಬದಿಯ ಮನೆಯಲ್ಲಿ ಅಂಥ ಮೌನ ಎಲ್ಲಿಂದ ಬರಬೇಕು? ತಲೆಯ ಮೇಲೆ ಫ್ಯಾನು, ಹೊರಗೆ ಆಟೋ, ಆಗಾಗ ಮೆಟ್ರೊ! ಗೆರೆಯನ್ನು ಮೈನಸ್ 35ರ ಸುಮಾರಿಗೆ ಏರಿಸಿದ ಮೇಲೆ ಕೆಲಸ ಸಾಗಿತು. ಆದರೂ ಅಡುಗೆಮನೆಯ ಕುಕ್ಕರ್ ಸೀಟಿಯನ್ನು ಅದು ಪಾಠವೆಂದೇ ಉಳಿಸಿಕೊಂಡಿತ್ತು.

ತಪ್ಪಿದ ಸಾಲುಗಳನ್ನು ಹುಡುಕಲು ಇನ್ನೊಂದು ಉಪಾಯ ಹೇಳಿದೆ. ತಪ್ಪಿದಾಗ ರೆಕಾರ್ಡಿಂಗ್ ನಿಲ್ಲಿಸಬೇಡ. ಎರಡು ಸಲ ಚಪ್ಪಾಳೆ ತಟ್ಟಿ, ಆ ಸಾಲನ್ನು ಮೊದಲಿನಿಂದ ಹೇಳು. ಪರದೆಯ ಮೇಲೆ ಧ್ವನಿಯ ಚಿತ್ರದಲ್ಲಿ ಚಪ್ಪಾಳೆ ಎರಡು ಸೂಜಿಗಳಂತೆ ಎದ್ದು ಕಾಣುತ್ತದೆ. ಮಾತನ್ನು ಬರಹಕ್ಕಿಳಿಸಿ, ಬೇಡದ ಪದವನ್ನು ಅಳಿಸಿದರೆ ವಿಡಿಯೋದಿಂದಲೂ ಅಳಿಸುವ ಸಾಫ್ಟ್‌ವೇರ್‌ಗಳೂ ಬಂದಿವೆ. ಆದರೆ ‘ತ್ರಿಕೋನದ ಬೇಸ್ ಇಂಟು ಹೈಟ್’ ಎಂಬ ನಮ್ಮ ಬೆರಕೆ ಕನ್ನಡಕ್ಕೆ ಅವು ಇನ್ನೂ ಎಡವುತ್ತವೆ. ನಮಗೆ ಚಪ್ಪಾಳೆಯೇ ವಾಸಿ ಎನಿಸಿತು.

ಐದು ಗಂಟೆಯ ಕೆಲಸ ಒಂದೂಕಾಲು ಗಂಟೆಗೆ ಇಳಿಯಿತು. ಅಪ್ಪನಿಗೆ ಸಂತೋಷ, ಮಗಳಿಗೆ ನಿದ್ದೆ. ಕಥೆ ಇಲ್ಲಿಗೆ ಮುಗಿಯಬೇಕಿತ್ತು.

ಮುಂದಿನ ವಾರ ಹುಡುಗಿ ಸಪ್ಪೆ ಮುಖ ಮಾಡಿಕೊಂಡು ಬಂದಳು. “ಅಂಕಲ್, ಹೊಸ ವಿಡಿಯೋ ಯಾರಿಗೂ ಅರ್ಥ ಆಗ್ತಿಲ್ಲವಂತೆ. ಅಕ್ಕ, ಉಸಿರಾಡೋಕೂ ಬಿಡಲ್ಲ ನೀವು ಅಂತಾರೆ.” ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಹಾಕಿ ನೋಡಿದೆವು. “ಈಗ ಈ ಕೋನ ಎಷ್ಟು?” ಎಂದು ಕೇಳಿ ಅವಳು ಸುಮ್ಮನೆ ಕಾಯುತ್ತಿದ್ದಳಲ್ಲ, ಆ ಹೊತ್ತನ್ನು ಸಾಫ್ಟ್‌ವೇರ್ ನುಂಗಿಬಿಟ್ಟಿತ್ತು. ಪ್ರಶ್ನೆಯ ಬೆನ್ನಿಗೇ ಉತ್ತರ!

ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ಇದನ್ನೇ ಅಳೆದಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಬಾಯಿ ತೆರೆದರು. ನಮ್ಮ ದಂಡು ಪ್ರದೇಶದಲ್ಲಂತೂ ಆ ಮೂರು ಸೆಕೆಂಡಿನ ಬೆಲೆ ಇನ್ನೂ ಹೆಚ್ಚು. ಆ ಏಳೆಂಟು ಮಕ್ಕಳಲ್ಲಿ ಮನೆಯಲ್ಲಿ ತಮಿಳು, ಉರ್ದು ಆಡುವವರೇ ಬಹಳ. ಕನ್ನಡದ ಪ್ರಶ್ನೆಯನ್ನು ಮನಸ್ಸಿನಲ್ಲೇ ಮನೆಮಾತಿಗೆ ತಿರುಗಿಸಿಕೊಳ್ಳುವುದು ಆ ಬಿಡುವಿನಲ್ಲೇ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ. ನಾವು ಬೆಳ್ಳಿ ಉಳಿಸಿಕೊಂಡು ಬಂಗಾರವನ್ನು ಕಸಕ್ಕೆ ಸುರಿದಿದ್ದೆವು.

ಹಾಗೆಂದು ಸಾಫ್ಟ್‌ವೇರನ್ನು ಬಿಡಬೇಕಿಲ್ಲ. ಈಗ ಅವಳು ಮೂರು ನಿಯಮ ಮಾಡಿಕೊಂಡಿದ್ದಾಳೆ. ಒಂದು, ಪ್ರತಿ ಮಾತಿನ ಹಿಂದೆಮುಂದೆ ಅರ್ಧ ಸೆಕೆಂಡಿನ ಅಂಚು ಬಿಡುವುದು. ಎರಡು, ಸಾಫ್ಟ್‌ವೇರ್ ತೋರಿಸಿದ ಮೌನಗಳ ಪಟ್ಟಿಯನ್ನು ಕಣ್ಣಾಡಿಸಿ, ಪ್ರಶ್ನೆಯ ನಂತರದ್ದನ್ನು ಮುಟ್ಟದೆ ಉಳಿಸುವುದು. ಇದಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ. ಮೂರು, ಇಪ್ಪತ್ತು ನಿಮಿಷದ ಪಾಠವನ್ನು ಮೂರ್ನಾಲ್ಕು ತುಂಡು ಮಾಡುವುದು. 2014ರಲ್ಲಿ ಎಡ್‌ಎಕ್ಸ್ ಜಾಲತಾಣದ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದವರು, ಆರು ನಿಮಿಷ ದಾಟಿದ ಪಾಠಗಳಲ್ಲಿ ನೋಡುವವರ ಗಮನ ಕುಗ್ಗುತ್ತದೆಂದು ಕಂಡುಕೊಂಡರು. ಇದನ್ನು ಯಾವ ಕತ್ತರಿಯೂ ಮಾಡಿಕೊಡದು. ಪಾಠ ಯೋಜಿಸುವಾಗಲೇ ಮಾಡಬೇಕು.

ವಿದ್ಯಾರ್ಥಿಗಳೇ, ನೀವೂ ಸೆಮಿನಾರಿಗೋ ಪ್ರಾಜೆಕ್ಟಿಗೋ ವಿಡಿಯೋ ಮಾಡುವವರಾದರೆ ಯಂತ್ರಕ್ಕೆ ದುಡಿಮೆ ಕೊಡಿ, ತೀರ್ಮಾನ ಮಾತ್ರ ನಿಮ್ಮಲ್ಲೇ ಇರಲಿ. ಪಾಲಕರೇ, ರಾತ್ರಿ ಉರಿಯುವ ಪರದೆ ಕಂಡಕೂಡಲೇ ಗದರಬೇಡಿ. ಒಮ್ಮೆ ಪಕ್ಕದಲ್ಲಿ ಕೂತು ಏನು ನಡೆದಿದೆಯೆಂದು ನೋಡಿ. ಮಕ್ಕಳ ಒಳ್ಳೆಯ ಕೆಲಸ ಅವರ ಓದನ್ನೇ ತಿನ್ನುತ್ತಿದ್ದರೆ, ಬಿಡಿಸಬೇಕಾದದ್ದು ಕೆಲಸವನ್ನಲ್ಲ, ಅದಕ್ಕೆ ಹಿಡಿಯುವ ಹೊತ್ತನ್ನು ಇಳಿಸುವ ದಾರಿ ಹುಡುಕಬೇಕು.

ಮುಂದಿನ ಇಂಟರ್ನಲ್ ಇನ್ನೂ ಬಂದಿಲ್ಲ. ಆದರೆ ಈಗ ರೆಕಾರ್ಡಿಂಗ್ ಹೊತ್ತಿಗೆ ಫ್ಯಾನು ಆರಿಸಿ, ಕುಕ್ಕರ್ ಇಳಿಸಿ, ಬಾಗಿಲಲ್ಲಿ ಕಾವಲು ನಿಲ್ಲುವವರು ದೂರು ತಂದ ಆ ಅಪ್ಪನೇ!