ಡೆಬಿಯನ್ ಓಡುತ್ತದೆ ಎಂದು ಬರೆದುಕೊಡುವವರು ಯಾರು?

ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಳ್ಳಿ ಎಂದು ನಾವು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಲೇ ಇರುತ್ತೇವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲಂತೂ ಇದು ಜಾಸ್ತಿಯಾಗಿದೆ. ಕೇಳಿದವರ ಮರುಪ್ರಶ್ನೆ ಒಂದೇ: "ನಮ್ ಮಷೀನಿಗೆ ಆಗ್ತದಾ? ಗ್ಯಾರಂಟಿ ಯಾರ್ದು?"

ಉಬುಂಟುವಿನ ಹಿಂದೆ ಕೆನಾನಿಕಲ್ ಕಂಪನಿ ಇದೆ, ರೆಡ್ ಹ್ಯಾಟ್ ತಾನೇ ಒಂದು ಕಂಪನಿ. ಅವು ಯಂತ್ರಗಳನ್ನು ಪರೀಕ್ಷಿಸಿ ಪ್ರಮಾಣೀಕೃತ ಮಾದರಿಗಳ ಪಟ್ಟಿ ಹೊರಡಿಸುತ್ತವೆ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಡೆಬಿಯನ್‌ಗೆ ಮಾಲೀಕರೇ ಇಲ್ಲ, ನಡೆಸುವವರು ಸ್ವಯಂಸೇವಕರು. ಹಾಗಾಗಿ ಮುದ್ರೆ ಒತ್ತುವವರೂ ಇಲ್ಲ. ತಮ್ಮ ಮಾದರಿಯಲ್ಲಿ ಏನು ನಡೆಯಿತು, ಏನು ಕೈಕೊಟ್ಟಿತು ಎಂದು ಬಳಕೆದಾರರು ಡೆಬಿಯನ್ ವಿಕಿಯಲ್ಲಿ ಬರೆದಿಟ್ಟದ್ದುಂಟು. ಅದರಲ್ಲಿ ಬಹಳಷ್ಟು ಹಳತಾಗಿದೆ.

ಶಾಲೆಯೋ ಗ್ರಂಥಾಲಯವೋ ಹತ್ತು ಕಂಪ್ಯೂಟರ್ ಕೊಳ್ಳುವಾಗ ಕಡತಕ್ಕೆ ಒಂದು ಕಾಗದ ಬೇಕು. ಅದಿಲ್ಲದಿದ್ದರೆ ಗುಮಾಸ್ತರು ವಿಂಡೋಸ್ ಎಂದೇ ಬರೆಯುತ್ತಾರೆ. ಅವರನ್ನು ದೂರುವಂತಿಲ್ಲ, ನಾಳೆ ಆಡಿಟ್‌ನವರಿಗೆ ಉತ್ತರ ಕೊಡಬೇಕಾದವರು ಅವರೇ ತಾನೆ.

ಡೆಬಿಯನ್‌ಗೂ ಪ್ರಮಾಣಪತ್ರ ಬೇಕು ಎಂಬುದೇ ನಮ್ಮ ವಾದ. ಆದರೆ ಬರೀ ಮಾದರಿಯ ಹೆಸರಿಗೆ ಕೊಡುವ ಪತ್ರ ಬೇಡ. ಒಂದೇ ಹೆಸರಿನ ಲ್ಯಾಪ್‌ಟಾಪಿನೊಳಗೆ ಒಂದರಲ್ಲಿ ಇಂಟೆಲ್ ವೈಫೈ ಕಾರ್ಡ್, ಇನ್ನೊಂದರಲ್ಲಿ ರಿಯಲ್‌ಟೆಕ್ ಕಾರ್ಡ್ ಇರಬಹುದು. ಅದು ಪಾಸಾಯಿತೆಂದು ಇದೂ ಪಾಸಾಗಬೇಕೆಂದೇನಿಲ್ಲ. ಹೆಚ್ಚಿನ ವೈಫೈ ಕಾರ್ಡುಗಳಿಗೆ ತಯಾರಕರ ಮುಚ್ಚಿದ ಫರ್ಮ್‌ವೇರ್ ಬೇಕು. ಮೊದಲು ಡೆಬಿಯನ್‌ನ ಅಧಿಕೃತ ಇನ್‌ಸ್ಟಾಲರಿನಲ್ಲಿ ಅದು ಇರುತ್ತಿರಲಿಲ್ಲ. 2022ರಲ್ಲಿ ಡೆವಲಪರುಗಳು ಮತ ಹಾಕಿ ತೀರ್ಮಾನಿಸಿದ ಮೇಲೆ 2023ರ ಡೆಬಿಯನ್ 12ರಲ್ಲಿ ಸೇರಿತು. ಇದಕ್ಕೆ ಉಲ್ಟಾ ಕೂಡ ಆಗುತ್ತದೆ: 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೇ ಇಲ್ಲ. ನಿನ್ನೆ ಪಾಸಾಗಿದ್ದ ಮುದಿ ಡಬ್ಬಾ ಇವತ್ತು ನಪಾಸು.

ಹಾಗಾಗಿ ಪತ್ರದ ಮೇಲೆ ಪರೀಕ್ಷೆಯ ತಾರೀಕು, ಡೆಬಿಯನ್ ಆವೃತ್ತಿ, ಒಳಗಿನ ಚಿಪ್‌ಗಳ ಹೆಸರು ಇರಲಿ. ಏನು ಕೆಲಸ ಮಾಡಲಿಲ್ಲ ಎಂಬುದೂ ಇರಲಿ. ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ನಿದ್ದೆಯಿಂದ ಏಳುತ್ತದೆಯೇ ಎಂಬುದನ್ನಂತೂ ಬಿಡಬಾರದು, ಬಸ್ಸಿನಲ್ಲಿ ಕೂತು ವರದಿ ಟೈಪಿಸುವ ನಮ್ಮಂಥವರಿಗೆ ಅದೇ ಮುಖ್ಯ. ಐಟಿಐ, ಡಿಪ್ಲೊಮಾ ಕಾಲೇಜುಗಳ ಲ್ಯಾಬಿನಲ್ಲಿ ವಿದ್ಯಾರ್ಥಿಗಳೇ ಇದನ್ನು ಮಾಡಬಲ್ಲರು. ಡೆಬಿಯನ್ ಲೈವ್ ಆವೃತ್ತಿ ತುಂಬಿದ ಪೆನ್‌ಡ್ರೈವ್ ಒಂದಿದ್ದರೆ ಸಾಕು, ಏನನ್ನೂ ಇನ್‌ಸ್ಟಾಲ್ ಮಾಡದೆಯೇ ಪರೀಕ್ಷಿಸಬಹುದು.

ಅಲ್ಲಿಯವರೆಗೆ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಆ ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ. ಹಾಕಿ ನೋಡಲು ಬಿಡುವುದಿಲ್ಲ ಎಂದರೆ, ಪಕ್ಕದ ಅಂಗಡಿ ಇದ್ದೇ ಇದೆ.