ಜಿಮ್‌ಗೆ ಹೋಗಲು ಅಳುಕೇ?

‘ಸ್ವಲ್ಪ ತೂಕ ಇಳಿಸಿಕೊಂಡು ಆಮೇಲೆ ಜಿಮ್ ಸೇರುತ್ತೇನೆ’ ಎನ್ನುವವರಿದ್ದಾರೆ. ಕಾಯಿಲೆ ವಾಸಿಯಾದ ಮೇಲೆ ಔಷಧಿ ಕುಡಿಯುತ್ತೇನೆ ಎಂದಂತೆ ಇದು. ಇವರನ್ನು ತಡೆಯುವುದು ಸೋಮಾರಿತನವಲ್ಲ, ನಾಲ್ಕು ಜನ ನೋಡಿ ನಕ್ಕಾರೆಂಬ ಅಳುಕು.

ಈ ಅಳುಕು ವಾಸ್ತವಕ್ಕಿಂತ ದೊಡ್ಡದು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮುಜುಗರ ತರುವ ಚಿತ್ರವಿದ್ದ ಟೀ ಶರ್ಟ್ ತೊಟ್ಟ ವಿದ್ಯಾರ್ಥಿಗಳು, ಕೋಣೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆ ಎಂದುಕೊಂಡಿದ್ದರು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ ಮಾತ್ರ. ಜಿಮ್‌ನಲ್ಲೂ ಹೆಚ್ಚಿನವರು ಕನ್ನಡಿಯಲ್ಲಿ ನೋಡುವುದು ತಮ್ಮನ್ನೇ.

ಜನ ಕಡಿಮೆಯಿರುವ ಹೊತ್ತಿನಲ್ಲಿ ಹೋಗಿ. ಮೊದಲ ವಾರ ಎರಡು ಮೂರು ವ್ಯಾಯಾಮ ಕಲಿತರೆ ಸಾಕು. ಅವನ್ನು ಚೀಟಿಯಲ್ಲಿ ಬರೆದುಕೊಂಡಿರಿ. ಅಳುಕು ಹೆಚ್ಚಾದರೆ ಮನೆಗೆ ಓಡಬೇಡಿ. ಕುಳಿತು ನಿಧಾನವಾಗಿ ಉಸಿರು ಬಿಡಿ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ.

ಜಿಮ್ ನಡೆಸುವವರಿಗೂ ಹೊಣೆಯಿದೆ. ಹೊಸಬರ ಹೊಟ್ಟೆಯ ಬಗ್ಗೆ ತಮಾಷೆ, ಕೇಳದೆ ವೀಡಿಯೊ ತೆಗೆಯುವುದು ನಿಲ್ಲಲಿ. ಮಹಿಳೆಯರಿಗೆ ಪ್ರತ್ಯೇಕ ಸಮಯ ಸಿಗಲಿ.

ಜಿಮ್‌ನಲ್ಲಷ್ಟೇ ಅಲ್ಲ, ಕೆಲಸದಲ್ಲಿ, ಮದುವೆ ಮನೆಯಲ್ಲಿ, ಎಲ್ಲೆಡೆ ಇದೇ ಭಯ ತಿಂಗಳುಗಟ್ಟಲೆ ಕಾಡಿದರೆ ಮನೋವೈದ್ಯರನ್ನು ಕಾಣಿ. ಅದಕ್ಕೆ ಚಿಕಿತ್ಸೆಯಿದೆ, ಕೇಳಲು ನಾಚಿಕೆ ಬೇಡ.